ಕುಂಟೆತ್ತಿನ ಪಾಲು

ಮೂಡಲಗಿ
12 ಆಗಸ್ಟ್ 2024

ಡಾಕ್ಟರಬಾಯಿ ದಾಕ್ಷಾಯಿಣಿಯವರಿಗೆ ಇಂದ್ರವ್ವನ ಜಯ ಜಿನೇಂದ್ರ. ಪದ್ದಿಯ ತಾಯಿ ಇಂದ್ರವ್ವ ಅಂದರೆ ನೆನಪಾದೀತು.

ಇವತ್ತು ನಸುಕಿನಲ್ಲಿ ಕೆಟ್ಟ ಕನಸು ಬಿತ್ತು. ನಸುಕಿನ ಕನಸು ಖರೆ ಆಗುತ್ತದೆ ಎನ್ನುತ್ತಾರೆ, ಅದಕ್ಕೇ ಎದ್ದವಳೇ ಈ ಕಾಗದ ಬರೆಯಲು ಕೂತಿದ್ದೇನೆ. ನನ್ನ ಅತ್ತೆ ಜಿನ್ನವ್ವ ಬೆಲ್ಲದ ಬಾಗೇವಾಡಿಯ ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದಳು. ಕೈಯಲ್ಲಿ ಬಿಳಿ ಪುಡಿ ಇರಲಿಲ್ಲ, ಇದ್ದಲಿ ಇತ್ತು. ಆಸ್ಪತ್ರೆಯಲ್ಲಿ ನೀವು ನಮ್ಮ ಮನೆತನದ ನಕ್ಷೆ ತೆಗೆದಿರಲ್ಲ, ಗಂಡಸರಿಗೆ ಚೌಕ, ಹೆಂಗಸರಿಗೆ ಗೋಲ, ಹಾಗೇ ತೆಗೆಯುತ್ತಿದ್ದಳು. "ಇದು ನಿಮ್ಮವ್ವ, ಇದು ನಿಮ್ಮ ಕಾಕಾ, ಇದು ನೀ" ಎಂದು ನನ್ನ ತವರಿನ ಒಂದೊಂದು ಗೋಲಕ್ಕೂ ಚೌಕಕ್ಕೂ ಕಪ್ಪು ತುಂಬಿದಳು. ತನ್ನ ಮನೆಯ ಕಡೆ ಒಂದು ಚುಕ್ಕೆಯನ್ನೂ ಇಡಲಿಲ್ಲ. ಅಳಿಸಲು ಹೋದರೆ ನನ್ನ ಸೆರಗೇ ಕಪ್ಪಾಯಿತು.

ಫೋನ್ ಮಾಡದೆ ಕಾಗದ ಬರೆದಳು ಎಂದು ತಪ್ಪು ತಿಳಿಯಬೇಡಿ. ನಾನಿರುವುದು ಅಣ್ಣ ಪಾಯಪ್ಪನ ಮನೆ. ಫೋನಿನಲ್ಲಿ ಒಂದು ಮಾತಾಡಿದರೆ ಅವನ ಹೆಂಡತಿ, ನಮ್ಮ ವೈನಿ, ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಕಿವಿ ಕೊಡುತ್ತಾಳೆ. ನಾನು ಆರನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಎಮ್ಮೆ ಈಯಿತು, ಅವ್ವನಿಗೆ ಜ್ವರ ಬಂತು, ಬಿಟ್ಟಿದ್ದು ಬಿಟ್ಟೇ ಹೋಯಿತು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಪದ್ದಿಯ ಕಾಲಿನ ಶಕ್ತಿ ಮೊದಲು ಹೋದಾಗ ಅತ್ತೆ ಏನು ಮಾಡಿದಳು ಗೊತ್ತೇನು? ಬಸದಿಯ ಅಂಗಳದಲ್ಲಿ ಪಂಕ್ತಿಗೆ ನಾನು ಸಾರು ಬಡಿಸುತ್ತಿದ್ದೆ. ಊರೆಲ್ಲ ಕೂತಿತ್ತು. ನನ್ನ ಕೈಯಿಂದ ಸೌಟು ಕಸಿದುಕೊಂಡು, "ಕುಂಟರ ಮನಿ ಹೆಣ್ಣ ತಂದ ಕೆಟ್ಟಿವಿ. ಇಕಿ ರಕ್ತದಾಗ ಐತಿ ಅದು. ಇಕಿ ಕೈಲೆ ಬಡಿಸ್ಕೋಬ್ಯಾಡ್ರಿ" ಅಂದಳು. ನನ್ನ ಕಾಕಾ ಕುಂಟುತ್ತಿದ್ದರು, ಅದೇ ಅವಳಿಗೆ ಸಾಕ್ಷಿ. ಅದು ಪೋಲಿಯೋ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನೀವೇ ಹೇಳಿದಿರಿ. ಅಂದು ಕೇಳುವವರು ಯಾರು? ನನ್ನ ಗಂಡ ಗೊಮ್ಮಟೇಶ ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದ. ಆಮೇಲೆ ಹುಕ್ಕೇರಿ ಕೋರ್ಟಿನಲ್ಲಿ ಸೋಡಚಿಟ್ಟಿಯೂ ಆಯಿತು, ಗಂಡ-ಹೆಂಡತಿ ಎಂಬ ಸಂಬಂಧ ಹರಿಯಿತು.

ಆ ಸೌಟನ್ನು ನಾನು ಅವಳಿಗೆ ವಾಪಸ್ ಕೊಡಬೇಕು, ಬಾಯಾರೇ. ಅಷ್ಟೇ ಮಂದಿಯ ಮುಂದೆ. ಅದಾಗುವ ತನಕ ನನಗೆ ಅನ್ನ ಸೇರುವುದಿಲ್ಲ.

ನನ್ನ ರಕ್ತ ಇನ್ನೊಮ್ಮೆ ನೋಡಿರಿ. ನನ್ನಲ್ಲಿ ಏನೂ ಇಲ್ಲ ಎಂದು ಒಂದು ಸಾಲು ಬರೆದುಕೊಡಿ, ಸಾಕು.

ಕಾಲು ಮುಟ್ಟಿ,
ಇಂದ್ರವ್ವ


ಬೆಳಗಾವಿ
26 ಆಗಸ್ಟ್ 2024

ಇಂದ್ರವ್ವನವರಿಗೆ,

ನಿಮ್ಮ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಮೊದಲು ಪದ್ಮಾವತಿಯ ವಿಷಯ. ನಮ್ಮ ಬೆನ್ನುಹುರಿಯಲ್ಲಿ ಕೆಲವು ನರಕೋಶಗಳಿವೆ. ಕಾಲೆತ್ತು, ಕೈ ಚಾಚು ಎಂದು ಸ್ನಾಯುಗಳಿಗೆ ಹೇಳುವವು ಅವೇ. ಅವಳಲ್ಲಿ ಅವು ಒಂದೊಂದಾಗಿ ಬತ್ತುತ್ತಿವೆ. ಹೇಳುವವರಿಲ್ಲದೆ ಸ್ನಾಯುಗಳು ಸೊರಗುತ್ತಿವೆ. ಬುದ್ಧಿಗೆ ಇದರಿಂದ ಏನೂ ಆಗುವುದಿಲ್ಲ, ಅವಳ ಬಾಯಿಗಂತೂ ಆಗುವುದೇ ಇಲ್ಲ. ಹೋದ ಸಲ ನನ್ನ ಬಿಳಿ ಕೋಟು ನೋಡಿ "ಬಾಯಾರ, ನಿಮಗ ಇಸ್ತ್ರಿ ಮಾಡಾಕ ಯಾರೂ ಇಲ್ಲೇನ್ರಿ?" ಎಂದು ಕೇಳಿದಳು. ಕಸರತ್ತು ತಪ್ಪಿಸಬೇಡಿ.

ಈಗ ನೀವು ಕೇಳಿದ್ದು. ನಾನೂ ಗೋಕಾಕದವಳು, ನಮ್ಮ ಕಡೆಯ ಮಾತಿನಲ್ಲೇ ಹೇಳುತ್ತೇನೆ. ಬಂಡಿಗೆ ಎರಡು ಎತ್ತು ಕಟ್ಟುತ್ತೇವೆ. ಈ ನರಕೋಶಗಳ ಕೆಲಸಕ್ಕೂ ದೇಹದಲ್ಲಿ ಒಂದು ಜೋಡಿ ಇರುತ್ತದೆ. ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಅದರಲ್ಲಿ ಒಂದು ಕುಂಟಿದರೂ ಇನ್ನೊಂದು ಬಂಡಿ ಎಳೆದುಬಿಡುತ್ತದೆ. ಅಂಥವರಿಗೆ ಸಾಯುವ ತನಕ ಏನೂ ತಿಳಿಯುವುದಿಲ್ಲ. ನಿಮ್ಮಲ್ಲಿ ಒಂದು ಕುಂಟೆತ್ತು ಇದೆ. ಎರಡು ಸಲ ನೋಡಿದ್ದೇನೆ, ಇದೆ. ಆದರೆ ನಿಮ್ಮದೊಂದರಿಂದಲೇ ಮಗಳಿಗೆ ಈ ಕಾಯಿಲೆ ಬರುತ್ತಿರಲಿಲ್ಲ. ಎರಡೂ ಕಡೆಯಿಂದ ಒಂದೊಂದು ಕುಂಟೆತ್ತು ಬಂದರೆ ಮಾತ್ರ ಬಂಡಿ ನಿಲ್ಲುತ್ತದೆ. ನಕ್ಷೆಯಲ್ಲಿ ನಿಮ್ಮ ಗೋಲಕ್ಕೆ ಅರ್ಧ ಮಾತ್ರ ಕಪ್ಪು ತುಂಬಿರುವುದು ಅದಕ್ಕೇ. ಇದು ಯಾರ ತಪ್ಪೂ ಅಲ್ಲ, ಇಂದ್ರವ್ವ.

ಗೊಮ್ಮಟೇಶ ಅವರ ರಕ್ತದಲ್ಲಿ ಏನಿತ್ತು ಎಂದು ನಾನು ಬರೆಯುವಂತಿಲ್ಲ. ಅವರು ಕೊಟ್ಟು ಹೋದರು, ಉತ್ತರ ಕೇಳಲು ಬರಲಿಲ್ಲ. ಒಬ್ಬರ ರಕ್ತದ ಮಾತನ್ನು ಅವರಿಗಲ್ಲದೆ ಬೇರೆಯವರಿಗೆ ಹೇಳಬಾರದು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ಆ ನಂಬಿಕೆ ಇರುವುದರಿಂದಲೇ ಮೂಡಲಗಿ, ಗೋಕಾಕ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ಇಂಥ ಮಕ್ಕಳಿರುವ ಮನೆಗಳು ನನಗೆ ಬಾಗಿಲು ತೆರೆಯುತ್ತವೆ. ಯಾವ ಮನೆತನದಲ್ಲಿ ಯಾವ ದೋಷ ಹರಿದುಬಂದಿದೆ ಎಂದು ಮೊದಲೇ ತಿಳಿದರೆ ಮುಂದಿನ ಮಗುವನ್ನಾದರೂ ಕಾಯಬಹುದು. ಆ ಕೆಲಸಕ್ಕಾಗಿಯೇ ನಾನು ತಿರುಗುತ್ತಿರುವುದು.

ನಿಮ್ಮ
ದಾಕ್ಷಾಯಿಣಿ


ಮೂಡಲಗಿ
3 ಅಕ್ಟೋಬರ್ 2024

ಬಾಯಾರಿಗೆ,

"ಎರಡೂ ಕಡೆಯಿಂದ" ಎಂದು ಬರೆದಿರಲ್ಲ, ಆ ಸಾಲು ಓದಿ ಓದಿ ಕಾಗದ ಮಡಿಕೆಯಲ್ಲಿ ಹರಿದಿದೆ. ಅನ್ನದ ಅಗಳು ಹಚ್ಚಿ ಅಂಟಿಸಿದ್ದೇನೆ. ನನ್ನಲ್ಲಿ ಅರ್ಧ ಇದೆ ಎನ್ನುವುದು ಗಂಟಲಲ್ಲಿ ಇಳಿಯದು, ಖರೆ. ಅವರಲ್ಲಿಯೂ ಅರ್ಧ ಇದೆ ಎನ್ನುವುದು ಮಾತ್ರ ಬೆಲ್ಲದ ಹಾಗೆ ಇಳಿಯಿತು.

ಈಗ ಸುದ್ದಿ ಕೇಳಿರಿ. ಗೊಮ್ಮಟೇಶನಿಗೆ ಮತ್ತೆ ಮದುವೆ ಮಾಡುತ್ತಾರಂತೆ. ಹೆಣ್ಣು ಯಾರು ಗೊತ್ತೇನು? ಅವನ ಸ್ವಂತ ಅಕ್ಕನ ಮಗಳು ದೀಪಾಲಿ. ಗೋಕಾಕದಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಳಲ್ಲ, ಅದನ್ನು ಬಿಡಿಸಿ ಮಾಡುತ್ತಾರಂತೆ. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ, ಅದು ಹಕ್ಕೇ ಇದೆ. ಆದರೆ ಅತ್ತೆ ಓಣಿಯಲ್ಲಿ ಏನು ಹೇಳಿಕೊಂಡು ತಿರುಗುತ್ತಿದ್ದಾಳೆ ಕೇಳಿ: "ಹೊರಗಿನ ರಕ್ತ ತಂದು ಕೆಟ್ಟಿವಿ. ಇನ್ನ ಮನೀ ರಕ್ತದಾಗ ಮಾಡ್ಕೋತೇವಿ. ಬಂಗಾರದಂಥಾ ಕೂಸ ಹುಟ್ತಾವ, ನೋಡಾಕರೆ ಬಾ ಅಂತ ಹೇಳ್ರಿ ಅಕಿಗೆ."

ಹೋಗುತ್ತೇನೆ, ನೋಡಲು ಹೋಗುತ್ತೇನೆ. ನೀವು ಕೊಟ್ಟ ನಕ್ಷೆಯ ಮೇಲೆ ಬೆರಳಿಟ್ಟು ನೋಡಿದೆ. ಗೊಮ್ಮಟೇಶನಿಗೆ ಬಂದ ಕುಂಟೆತ್ತು ಅವನ ಅಕ್ಕನಿಗೂ ಬಂದಿರಬಹುದು, ಅಕ್ಕನಿಂದ ದೀಪಾಲಿಗೂ ಇಳಿದಿರಬಹುದು. ಅಲ್ಲೇನು? ಇಳಿದಿರಲಿ! ಬಸದಿಗೆ ಹೋಗಿ ಪಾರ್ಶ್ವನಾಥ ಸ್ವಾಮಿಯ ಮುಂದೆ ನಿಂತು ಅದನ್ನೇ ಬೇಡಿಕೊಂಡೆ. ಇಂಥದ್ದು ಬೇಡಬಾರದು, ಗೊತ್ತು. ಬೇಡಿದೆ. ಆ ಮನೆಯ ಅಂಗಳದಲ್ಲಿ ಇನ್ನೊಂದು ಕೂಸು ಎದ್ದು ನಿಲ್ಲಲಾರದೆ ಕೂತಿರಬೇಕು, ಆಗ ಅತ್ತೆ ಯಾರ ಕೈಯ ಸೌಟು ಕಸಿಯುತ್ತಾಳೆ ನೋಡಬೇಕು.

ನೀವು ಹೇಳುವಂತಿಲ್ಲ. ನಾನು ಹೇಳುವುದಿಲ್ಲ. ಮುಗಿಯಿತು.

ಓದಿ ಹರಿದುಬಿಡಿ. ಹರಿದಿರೋ ಇಲ್ಲವೋ ಎಂದು ಒಂದು ಮಾತು ತಿಳಿಸಿ.

ಇಂದ್ರವ್ವ


ಬೆಳಗಾವಿ
14 ಅಕ್ಟೋಬರ್ 2024

ಇಂದ್ರವ್ವ,

ಹರಿದೆ.

ನೀವು ಪದ್ಮಾವತಿಯನ್ನು ಮೊದಲು ಕರೆತಂದ ದಿನ ಲಿಫ್ಟು ಕೆಟ್ಟಿತ್ತು. ಅವಳನ್ನು ಬೆನ್ನ ಮೇಲೆ ಹೊತ್ತು ನನ್ನ ಕೋಣೆಗೆ ತಂದ ಉದ್ದ ಜಡೆಯ ಹುಡುಗಿ ಯಾರು? ನಕ್ಷೆ ತೆಗೆಯುವಾಗ ತನ್ನ ಗೋಲದ ಮೇಲೆ ಬೆರಳಿಟ್ಟು, "ಪದ್ದಿ, ಇಲ್ನೋಡ, ನಾ ಇಲ್ಲಿ ರೊಟ್ಟಿಯಾಗೇನಿ" ಎಂದು ನಗಿಸಿದವಳು? ನಿಮ್ಮ ಮನೆಯವರೆಲ್ಲ ಕೆಳಗೆ ಚಹಾ ಕುಡಿಯುತ್ತಿದ್ದರು.

ಈ ತಿಂಗಳ ಕೊನೆಗೆ ಗೋಕಾಕದಲ್ಲಿ ನಮ್ಮ ಶಿಬಿರವಿದೆ. ಯಾರು ಬೇಕಾದರೂ ಬಂದು ರಕ್ತ ಕೊಡಬಹುದು. ನಾನಾಗಿ ಅವಳನ್ನು ಕರೆಯುವಂತಿಲ್ಲ. ನೀವು ಕರೆಯಬಹುದು.

ಹುಟ್ಟದ ಮಗು ನಿಮ್ಮ ಸೌಟು ಕಸಿದಿಲ್ಲ.

ದಾಕ್ಷಾಯಿಣಿ


ಗೋಕಾಕ
9 ಡಿಸೆಂಬರ್ 2024

ಪ್ರೀತಿಯ ಮಾಮಿಗೆ ದೀಪಾಲಿ ಮಾಡುವ ನಮಸ್ಕಾರ.

ಶಿಬಿರದ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮನ್ನು ನೋಡಿ ನನಗೆ ಅಳು ಬಂತು, ನಿಮಗೆ ಸಿಟ್ಟು ಬಂತು. ಕರದಂಟಿನ ಪುಡಿಕೆಯನ್ನು ಕೈಯಲ್ಲಿ ತುರುಕಿ, "ನಿಮ್ಮ ಅಜ್ಜಿ ಹಾಳಾಗಿ ಹೋಗ್ಲಿ, ನಿಮ್ಮ ಮಾಮಾನೂ ಹೋಗ್ಲಿ. ನೀ ಮಾತ್ರ ಹೋಗಿ ರಕ್ತಾ ಕೊಡು" ಎಂದು ಬೈದು, ಮೂಡಲಗಿ ಬಸ್ಸು ಹತ್ತಿಬಿಟ್ಟಿರಿ. ಜನ ನನ್ನನ್ನೇ ನೋಡುತ್ತಿದ್ದರು. ಆಶೀರ್ವಾದವನ್ನೂ ಬೈಗುಳದಲ್ಲಿ ಮಾಡುವವರು ನೀವೊಬ್ಬರೇ ಮಾಮಿ.

ಹೋಗಿ ಕೊಟ್ಟೆ. ಗದ್ದಲವೋ ಗದ್ದಲ. "ದೀಪಾಲಿ" ಎಂದು ಕರೆದಾಗ ಇಬ್ಬರು ಎದ್ದೆವು. ನನ್ನ ಹಿಂದೆ ಘಟಪ್ರಭಾದ ಇನ್ನೊಬ್ಬ ದೀಪಾಲಿ ನಿಂತಿದ್ದಳು, ಎಲ್ಲರೂ ನಕ್ಕರು. ಮೊನ್ನೆ ಡಾಕ್ಟರ್ ಮೇಡಂ ಒಳಗೆ ಕರೆದು ಬಾಗಿಲು ಹಾಕಿ ಹೇಳಿದರು. ನನ್ನಲ್ಲಿ ಇಲ್ಲ ಮಾಮಿ. ಎರಡೂ ಎತ್ತು ಸರಿ ಇವೆಯಂತೆ.

ಮೊದಲು ನಕ್ಕೆ. ಆಮೇಲೆ ಹಾಸ್ಟೆಲಿಗೆ ಬಂದು ಚಾದರ ಹೊದ್ದು ಅತ್ತುಬಿಟ್ಟೆ. ಇದೆ ಎಂದಿದ್ದರೆ ಮದುವೆ ಬೇಡ ಎನ್ನಲು ಒಂದು ಕಾರಣ ಸಿಗುತ್ತಿತ್ತು. ನನಗೆ ಈ ಮದುವೆ ಬೇಡ. ಮಾಮಾ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವರು. ಅವರನ್ನು ಹೇಗೆ... ಅವ್ವನಿಗೆ ಹೇಳಿದರೆ, "ನಿಮ್ಮಜ್ಜಿ ಮಾತ ಕೊಟ್ಟಾಳ" ಎನ್ನುತ್ತಾಳೆ. ನನ್ನ ಪರ ಇರುವವರು ಅಪ್ಪನ ತಂದೆ ಅಣ್ಣಾಸಾಹೇಬ ಅಜ್ಜ ಒಬ್ಬರೇ. ಅವರಿಗೂ ಅಡ್ಡ ಬರಲು ಒಂದು ನೆಪ ಬೇಕು. ನನ್ನ ರಕ್ತ ಸ್ವಚ್ಛವಿದೆ ಎಂದು ಬೆಲ್ಲದ ಬಾಗೇವಾಡಿಗೆ ಗೊತ್ತಾದರೆ ಮರುದಿನವೇ ಸಾಖರಪುಡಾ ಇಟ್ಟು ನಿಶ್ಚಯ ಮಾಡಿಬಿಡುತ್ತಾರೆ. ಯಾರಿಗೂ ಹೇಳಬೇಡಿ ಮಾಮಿ.

"ನಕ್ಷೆಯ ರೊಟ್ಟಿ ನಿನ್ನನ್ನು ಕೇಳಿದಳು" ಎಂದು ಪದ್ದಿಗೆ ಹೇಳಿ.

ನಿಮ್ಮ
ದೀಪಾಲಿ


ಮೂಡಲಗಿ
16 ಡಿಸೆಂಬರ್ 2024

ದೀಪಾಲಿಗೆ ಮಾಮಿಯ ಆಶೀರ್ವಾದ, ಈ ಸಲ ಬೈಗುಳವಿಲ್ಲದೆ.

ಖರೆ ಹೇಳಲೇನು? ನಿನ್ನ ಕಾಗದ ಓದಿ ನಿನ್ನ ಮೇಲೇ ಸಿಟ್ಟು ಬಂತು. ಇವಳಲ್ಲಿ ಯಾಕಿಲ್ಲ ಎಂದು ಹಲ್ಲು ಕಡಿದೆ. ನೀನು ಅವನನ್ನು ಮದುವೆಯಾದರೆ ಗಟ್ಟಿಮುಟ್ಟಾದ ಕೂಸು ಹುಟ್ಟುತ್ತದೆ. ಅದು ಅಂಗಳದಲ್ಲಿ ಓಡಾಡಿದ ದಿನ ನಿಮ್ಮಜ್ಜಿ ಗೆದ್ದಳು. "ನೋಡ್ರಿ, ಎಲ್ಲಾ ಆ ಇಂದ್ರವ್ವನ ರಕ್ತದಾಗ ಇತ್ತು" ಎನ್ನುತ್ತಾಳೆ, ಊರೂ ಹೌದು ಎನ್ನುತ್ತದೆ. ನನ್ನ ಪದ್ದಿ ಇರುವ ತನಕ, ನಾನು ಸತ್ತ ಮೇಲೂ, ಅದೇ ಮಾತು ಉಳಿಯುತ್ತದೆ. ಒಲೆಯ ಮುಂದೆ ಕೂತು ಎಷ್ಟು ಯೋಚನೆ ಮಾಡಿದೆ ಎಂದರೆ ಹಾಲು ಉಕ್ಕಿ ಹೋಯಿತು, ವೈನಿ ಕೂಗಾಡಿದಳು.

ಆಮೇಲೆ ತಿಳಿಯಿತು. ನಿನಗೆ ಬೇಡವಾದದ್ದೂ ನನಗೆ ಬೇಡವಾದದ್ದೂ ಒಂದೇ.

ನೀನು ಬಾಯಿ ಬಿಡಬೇಡ. ಇಲ್ಲ ಎಂದೂ ಹೇಳಬೇಡ, ಇದೆ ಎಂದು ಸುಳ್ಳೂ ಹೇಳಬೇಡ. ನಾನು ಹುಕ್ಕೇರಿಗೆ ಹೋಗಿ ಅಣ್ಣಾಸಾಹೇಬರನ್ನು ಕಂಡು ಒಂದೇ ಮಾತು ಹೇಳಿ ಬರುತ್ತೇನೆ: ಮೊಮ್ಮಗಳನ್ನು ಕೊಡುವ ಮೊದಲು ಗೊಮ್ಮಟೇಶನ ರಕ್ತದಲ್ಲಿ ಏನಿದೆ ಎಂದು ಡಾಕ್ಟರಬಾಯಿಯನ್ನು ಕೇಳಿರಿ. ಉಳಿದದ್ದು ನಿಮ್ಮಜ್ಜಿಯ ನಾಲಿಗೆಯೇ ಮಾಡುತ್ತದೆ. ಆ ನಾಲಿಗೆಯ ಮೇಲೆ ನನಗೆ ಪೂರ್ತಿ ನಂಬಿಕೆ.

ಕಾಗದವನ್ನು ಹಾಸಿಗೆಯ ಕೆಳಗೆ ಇಡಬೇಡ, ಅಲ್ಲೇ ಎಲ್ಲರೂ ಮೊದಲು ಹುಡುಕುತ್ತಾರೆ.

ಮಾಮಿ


ಮೂಡಲಗಿ
21 ಜನವರಿ 2025

ದೀಪಾಲಿಗೆ,

ಆಯಿತು! ನೀನು ನೋಡಬೇಕಿತ್ತು. ನೋಡಲಿಲ್ಲವಲ್ಲ ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ನಿಮ್ಮಜ್ಜ ಅಣ್ಣಾಸಾಹೇಬರು ಕೇಳಿದ್ದಕ್ಕೆ ಗೊಮ್ಮಟೇಶ ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ತಿಂಗಳು ತಳ್ಳಿದ. ಅವನಿಗೆ ಅಂಜಿಕೆ. ನಿಮ್ಮಜ್ಜಿಗೆ ಅಂಜಿಕೆ ಎಲ್ಲಿಯದು? ಇವತ್ತು ಹುಕ್ಕೇರಿಯ ಸಂತೆ, ಬಾಯಾರ ಶಿಬಿರವೂ ಇತ್ತು. ಇಳಕಲ್ ಸೀರೆ ಉಟ್ಟು, ಅಣ್ಣಾಸಾಹೇಬರನ್ನು ಜೊತೆಗೆ ಕರೆದುಕೊಂಡು ತಾನೇ ಬಂದಳು. ಅವಳು ಬರುವ ಸುದ್ದಿ ನನಗೆ ಮೊದಲೇ ಸಿಕ್ಕಿತ್ತು, ಪದ್ದಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಸಾಲಿನ ಕೊನೆಯಲ್ಲಿ ತಲೆ ತುಂಬ ಸೆರಗು ಹೊದ್ದು ನಿಂತಿದ್ದೆ. ಸಾಲಿನಲ್ಲಿ ಬೆಲ್ಲದ ಬಾಗೇವಾಡಿಯ ಬಸದಿಯ ಹೆಂಗಸರು ಎಷ್ಟು ಮಂದಿ! ಸಂತೆಗೆ ಬಂದವರು, ಪುಕ್ಕಟೆ ತಪಾಸಣೆ ಎಂದು ನಿಂತಿದ್ದರು.

ನಿಮ್ಮಜ್ಜಿ ಸಾಲು ಮುರಿದು ಮುಂದೆ ಹೋದಳು. "ಬಾಯಾರ, ನನ್ನ ಮಗಾ ಗೊಮ್ಮಟೇಶನ ರಕ್ತಾ ತಗೊಂಡಿದ್ರಿ. ಅದರಾಗ ಏನೂ ಇಲ್ಲ ಅಂತ ಈ ಅಣ್ಣಾಸಾಹೇಬರ ಮುಂದ ಒಂದ ಮಾತ ಹೇಳಿಬಿಡ್ರಿ."

ಬಾಯಾರು ಎದ್ದು ನಿಂತು ಮೆಲ್ಲಗೆ, "ಒಳಗ ಬರ್ರಿ ಅಜ್ಜಿ, ಕೂತ ಮಾತಾಡೂಣು" ಅಂದರು.

"ಒಳಗ್ಯಾಕ್ರಿ? ಕದ್ದ ಹೇಳೂದೇನೈತಿ? ಇಲ್ಲೇ ಹೇಳ್ರಿ, ಎಲ್ಲಾರೂ ಕೇಳಲಿ."

"ಅವರ ರಕ್ತದ ಮಾತ ಅವರಿಗಷ್ಟ ಹೇಳೂದ್ರಿ. ಅವರನ್ನ ಕರ್ಕೊಂಡ ಬರ್ರಿ."

"ನಾ ಹಡದ ಮಗಾ ರೀ ಅವ!"

"ಹಡದವರಿಗೂ ಹೇಳಾಕ ಬರಂಗಿಲ್ರಿ."

"ಇಲ್ಲ ಅನ್ನಾಕ ಎಷ್ಟ ಹೊತ್ತ ಬೇಕ್ರಿ? ಇಲ್ಲ ಅನ್ರಿ, ಸಾಕು!"

ಬಾಯಾರು ಸುಮ್ಮನೆ ನಿಂತರು. ಸಾಲಿನಲ್ಲಿ ಕೌಜಲಗಿಯ ಒಬ್ಬ ಹೆಂಗಸು ಸಣ್ಣ ಕೂಸನ್ನು ಬಗಲಲ್ಲಿ ಎತ್ತಿಕೊಂಡು ನಿಂತಿದ್ದಳು. ಅವಳು ಅಂದಳು ನೋಡು: "ಇಲ್ಲ ಅನ್ನುವಂಗ ಇದ್ದಿದ್ರ ಇಷ್ಟೊತ್ತಿಗೆ ಅಂದಿರತಿದ್ರು ಬಿಡ ಯವ್ವಾ."

ಅಷ್ಟೇ. ಸಾಲಿನ ತುಂಬ ಗುಸುಗುಸು. ಅಣ್ಣಾಸಾಹೇಬರು ಹೆಗಲ ಟವೆಲ್ಲು ತೆಗೆದು ಝಾಡಿಸಿ ಮತ್ತೆ ಹಾಕಿಕೊಂಡರು. "ಜಿನ್ನವ್ವಕ್ಕಾ, ಹುಡುಗಿ ಕಲಿಯಾಕತ್ತಾಳ. ಕಲೀಲಿ ಬಿಡ್ರಿ" ಎಂದು ಬಾಗಿಲ ಕಡೆ ಹೊರಟರು. ಮುಗಿಯಿತು ನಿನ್ನ ಮದುವೆ.

ನಿಮ್ಮಜ್ಜಿ ತಿರುಗಿದಳು. ಆಗ ನಾನು ಸೆರಗು ಸರಿಸಿದೆ. ಚೀಲದಿಂದ ಸೌಟು ತೆಗೆದೆ, ಹೌದು, ಒಯ್ದಿದ್ದೆ. ಅವಳ ಕೈಗೆ ಕೊಟ್ಟೆ. "ತಗೋರಿ ಅತ್ತಿ. ನೀವ ಬಡಸ್ರಿ. ಯಾರ ಉಣ್ತಾರ ನೋಡೂಣು." ಅವಳು ಹಿಡಿದುಕೊಂಡೇ ನಿಂತಳು. ಇಷ್ಟು ವರ್ಷದಲ್ಲಿ ಆ ಬಾಯಿ ಮುಚ್ಚಿದ್ದನ್ನು ನಾನು ಇವತ್ತೇ ನೋಡಿದ್ದು.

ಪದ್ದಿ ಮಾತ್ರ ಅಜ್ಜಿಯನ್ನು ಕಂಡು "ಆಯೀ!" ಎಂದು ಎರಡೂ ಕೈ ಚಾಚಿದಳು. ಅವಳಿಗೇನು ಗೊತ್ತು. ನಿಮ್ಮಜ್ಜಿ ಒಂದು ಹೆಜ್ಜೆ ಮುಂದೆ ಬಂದಳು. ನಾನು ಗಾಲಿಕುರ್ಚಿ ತಿರುಗಿಸಿಕೊಂಡು ಹೊರಟುಬಂದೆ.

ಇವತ್ತು ಎರಡು ರೊಟ್ಟಿ ಜಾಸ್ತಿ ತಿಂದೆ.

ಮಾಮಿ


ಬೆಳಗಾವಿ
24 ಜನವರಿ 2025

ಇಂದ್ರವ್ವ,

ಹುಕ್ಕೇರಿಯಲ್ಲಿ ನೀವು ಸೆರಗು ಸರಿಸುವ ತನಕ ನನಗೆ ಏನೂ ತಿಳಿಯಲಿಲ್ಲ. ನಾನು ಏನು ಹೇಳುವುದಿಲ್ಲ ಎಂದು ನಿಮಗೆ ಮೊದಲೇ ಗೊತ್ತಿತ್ತು. ನನ್ನ ಸುಮ್ಮನಿರುವಿಕೆಯನ್ನೇ ಕಲ್ಲಿನಂತೆ ಎತ್ತಿ ಎಸೆದಿರಿ.

ಕಲ್ಲು ಎಲ್ಲೆಲ್ಲಿ ಬಿತ್ತು ಎಂದು ಕೇಳಿ. ಅಂದು ಸಾಲಿನಲ್ಲಿದ್ದವರಲ್ಲಿ ಅನೇಕರು ರಕ್ತ ಕೊಡದೆ ಹೋದರು. ಕೌಜಲಗಿಯ ಆ ಹೆಂಗಸೂ ಹೋದಳು. ಅವಳ ಬಗಲಲ್ಲಿದ್ದ ಕೂಸಿನ ಕುತ್ತಿಗೆ ನಿಲ್ಲುತ್ತಿರಲಿಲ್ಲ, ನಿಮಗೆ ಕಂಡಿರಬೇಕು. ನಾಳೆ ಡಾಕ್ಟರು ತನ್ನ ಮುಂದೆಯೂ ಸುಮ್ಮನೆ ನಿಂತರೆ ಊರು ಏನೆಂದೀತು ಎಂದು ಅವಳಿಗೆ ಹೆದರಿಕೆ. ಗೊಮ್ಮಟೇಶ ಅವರು ಬಂದಿದ್ದರೆ ಒಳಗೆ ಕೂರಿಸಿ ಹೇಳುತ್ತಿದ್ದೆ, ಇಂಥವರೂ ಮದುವೆಯಾಗಬಹುದು, ಮೊದಲೇ ಪರೀಕ್ಷೆ ಮಾಡಿಸಿದರೆ ಸಾಕು ಎಂದು. ಇನ್ನು ಅವರು ನನ್ನ ಮೆಟ್ಟಿಲು ತುಳಿಯುವುದಿಲ್ಲ. ಆ ಮನೆಯಲ್ಲಿ ಹುಟ್ಟಿದ ಎಲ್ಲ ಹೆಣ್ಣುಮಕ್ಕಳ ಕಡೆಗೂ ಜನ ಈಗ ಬೆರಳು ತೋರಿಸುತ್ತಾರೆ. ಯಾರಲ್ಲಿ ಏನಿದೆ, ಏನಿಲ್ಲ ಎಂದು ಬೆರಳಿಗೆ ಗೊತ್ತಿರುವುದಿಲ್ಲ.

ಪದ್ಮಾವತಿಯನ್ನು ತಪ್ಪದೆ ಕರೆತನ್ನಿ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ದಾಕ್ಷಾಯಿಣಿ


ಮೂಡಲಗಿ
10 ಮಾರ್ಚ್ 2025

ಬಾಯಾರಿಗೆ ಇಂದ್ರವ್ವನ ನಮಸ್ಕಾರ.

ನಿಮ್ಮ ಸಿಟ್ಟು ಸರಿ ಇದೆ. ನನಗೆ ಪಶ್ಚಾತ್ತಾಪ ಆಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅತ್ತೆ ಈಗ ಬಸದಿಗೆ ಮಧ್ಯಾಹ್ನ ಯಾರೂ ಇಲ್ಲದಾಗ ಹೋಗಿ ಬರುತ್ತಾಳಂತೆ. ಆ ಸುದ್ದಿ ತಂದವಳಿಗೆ ನಾನು ಚಹಾ ಮಾಡಿಕೊಟ್ಟೆ, ಸಕ್ಕರೆ ಹೆಚ್ಚು ಹಾಕಿ. ಗೊಮ್ಮಟೇಶನಿಗೆ ಯಾರೂ ಹೆಣ್ಣು ಕೊಡುತ್ತಿಲ್ಲ. ಅಂದು ತಲೆ ಬಗ್ಗಿಸಿ ಅನ್ನ ಕಲಸಿದ, ಈಗಲೂ ಕಲಸಲಿ.

ಕೌಜಲಗಿಗೆ ಹೋಗಿದ್ದೆ. ಆ ಹೆಂಗಸಿನ ಮನೆ ಹುಡುಕಿ ಬಾಗಿಲು ಬಡಿದೆ, ನೀವು ಒಳ್ಳೆಯವರು ಎಂದು ಹೇಳೋಣ ಎಂದು. ಕಿಟಕಿಯಿಂದ ನೋಡಿ, "ಆ ಸೌಟಿನಕಿ ಬಂದಾಳ" ಎಂದು ಒಳಗಿನಿಂದ ಅಗಳಿ ಹಾಕಿದಳು. ಮತ್ತೆ ಹೋಗುತ್ತೇನೆ. ಆ ಪಾಪ ನನ್ನ ಮೇಲೇ ಇರಲಿ, ನಿಮ್ಮ ಮೇಲೆ ಬೇಡ.

ಇನ್ನೊಂದು. ದೀಪಾಲಿಗೆ ಮೊನ್ನೆ ಹುಕ್ಕೇರಿಯಿಂದಲೇ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಕಲಿತು ಮುಗಿಸಲಿ, ಆಮೇಲೆ ಮಾಡೋಣ ಎನ್ನುವಂಥ ಮಂದಿ. ಅವಳಿಗೂ ಹುಡುಗ ಮನಸ್ಸಿಗೆ ಬಂದಿದ್ದ. "ಜಿನ್ನವ್ವನ ಮೊಮ್ಮಗಳಾ? ಆ ರಕ್ತಾ ಬ್ಯಾಡ್ರಿ" ಎಂದು ತಿರುಗಿ ಹೋದರು. ದೀಪಾಲಿ ಫೋನಿನಲ್ಲಿ ನಕ್ಕಳು, "ಹೋಗ್ಲಿ ಬಿಡ್ರಿ ಮಾಮಿ, ಅವರ ಮನ್ಯಾಗ ಲಿಫ್ಟ ಇಲ್ಲ, ಪದ್ದೀನ ಮತ್ತ ಬೆನ್ನ ಮ್ಯಾಲೆ ಹೊರಬೇಕಾಗತಿತ್ತು" ಎಂದು. ಆ ನಗುವಿನ ಕೊನೆ ನನಗೆ ಸರಿ ಕೇಳಲಿಲ್ಲ. ನನ್ನ ಅತ್ತೆ ನನಗೆ ಅಂದ ಮಾತನ್ನೇ ಅವಳಿಗೆ ಅಂದಿದ್ದಾರೆ ಬಾಯಾರೇ. ಕಲಿಸಿಕೊಟ್ಟವಳು ನಾನು.

ನಿನ್ನೆ ಮತ್ತೆ ಆ ಕನಸು ಬಿತ್ತು. ಅದೇ ಅಂಗಳ, ಅದೇ ಗೋಲಗಳು. ಅತ್ತೆ ಅಲ್ಲಿರಲಿಲ್ಲ. ದೀಪಾಲಿಯ ಬಿಳಿ ಗೋಲದ ಮುಂದೆ ಯಾರೋ ಕುಕ್ಕರಗಾಲಲ್ಲಿ ಕೂತು ಕಪ್ಪು ತುಂಬುತ್ತಿದ್ದರು. ಬಗ್ಗಿ ನೋಡಿದರೆ ಇದ್ದಲಿ ನನ್ನ ಕೈಯಲ್ಲಿತ್ತು.

ಎದ್ದಾಗಿನಿಂದ ಒಂದು ಚಿಂತೆ ಹತ್ತಿದೆ. ಗೋಕಾಕದ ಶಿಬಿರದಲ್ಲಿ ಇಬ್ಬರು ದೀಪಾಲಿಗಳು ಒಬ್ಬರ ಹಿಂದೆ ಒಬ್ಬರು ನಿಂತಿದ್ದರಂತೆ, ಕರೆದಾಗ ಇಬ್ಬರೂ ಎದ್ದರಂತೆ. ಆಗ ಕೇಳಿ ನಾನೂ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ಆ ಗದ್ದಲದಲ್ಲಿ ಇಬ್ಬರ ರಕ್ತದ ಶೀಶೆ ಅದಲುಬದಲಾಗಿದ್ದರೆ? ಮುಂದೆ ಯಾರಾದರೂ ಕೇಳಿದಾಗ ಅವಳು ತಲೆಯೆತ್ತಿ ಇಲ್ಲ ಎನ್ನಬೇಕು, ಆ ಇಲ್ಲ ಎನ್ನುವ ಮಾತು ಕಲ್ಲಿನಂತೆ ಗಟ್ಟಿ ಇರಬೇಕು. ನನಗೆ ಏನೂ ತಿಳಿಸುವುದು ಬೇಡ, ನಿಮ್ಮ ನಿಯಮ ನನಗೆ ಈಗ ಗೊತ್ತಿದೆ. ಅವಳನ್ನು ಕರೆದು, ಬಾಗಿಲು ಹಾಕಿ, ಅವಳಿಗೇ ಹೇಳಿ.

ನನ್ನ ರಕ್ತವನ್ನು ಮತ್ತೆ ನೋಡುವುದು ಬೇಡ. ಅರ್ಧ ನನ್ನದೇ, ಇರಲಿ. ಆ ಶೀಶೆ ನಮ್ಮ ದೀಪಾಲಿಯದು ಹೌದೋ ಅಲ್ಲವೋ, ಅದೊಂದನ್ನು ಮಾತ್ರ ಇನ್ನೊಮ್ಮೆ ನೋಡಿರಿ.

ಇಂದ್ರವ್ವ